ಕೆಮ್ಮಣ್ಣು ಬಳಿದ ಗೋಡೆ

ಶೆಟ್ಟಿಹಳ್ಳಿ, ತುಮಕೂರು
೭-೩-೧೯೮೨, ಭಾನುವಾರ

ಪ್ರೀತಿಯ ಅವ್ವಾ,

ನಿನ್ನ ಕಿರಿಮಗ ಹೊನ್ನಯ್ಯ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದಾನೆ. ಮಂಡಿನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಶೀಶೆಯನ್ನು ದೇವರ ಗೂಡಿನಲ್ಲಿಟ್ಟು ‘ವಾಸಿ ಆಯ್ತು ಕಣಪ್ಪ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದೀಯೋ? ಕುಣಿಗಲ್ ಆಸ್ಪತ್ರೆಯಲ್ಲಿ ಕೊಟ್ಟ ಕಣ್ಣಿನ ಹನಿಯನ್ನು ಅತ್ತಿಗೆಯ ಕೈಲಿ ಹಾಕಿಸಿಕೋ. ನೀನೇ ಹಾಕಿಕೊಂಡರೆ ಕೆನ್ನೆಗೆ ಗುಣವಾದೀತು, ಕಣ್ಣಿಗಲ್ಲ. ನಾವೆಲ್ಲ ಕ್ಷೇಮ. ನಿನ್ನ ಸೊಸೆ ಮಹಾಲಕ್ಷ್ಮಿಗೆ ಶೀತವಾಗಿತ್ತು, ಹೋಯಿತು. ನಿನ್ನ ಮೊಮ್ಮಗಳು ಶಾರದ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಿದ್ದಾಳೆ. ನನಗೆ ಆಫೀಸಿನಲ್ಲಿ ಎಂದಿನಂತೆ ಫೈಲಿನ ಕಂತೆ, ಮನೆಯಲ್ಲಿ ಎಂದಿನಂತೆ ಖರ್ಚಿನ ಚಿಂತೆ. ಎರಡಕ್ಕೂ ಪ್ರಾಸ ಕೂಡುವುದರಿಂದ ಸುಖವಾಗಿದ್ದೇನೆ.

ಈ ಕಾಗದವನ್ನು ಅಣ್ಣ ಜಗುಲಿಯ ಮೇಲೆ ಕೂತು ನಿನಗೆ ಓದಿ ಹೇಳುತ್ತಿರುತ್ತಾನೆ ಎಂದು ನನಗೆ ಗೊತ್ತು. ಅಣ್ಣಾ, ನಮಸ್ಕಾರ. ಈ ಸಲ ಕಾಗದದಲ್ಲಿ ನಿನ್ನ ಮೇಲಿನ ದೂರೇ ಹೆಚ್ಚಾಗಿದೆ. ಕೆಮ್ಮು ಬಂದವನಂತೆ ಮಾಡಿ ಸಾಲು ನುಂಗಬೇಡ. ಅಕ್ಷರ ತಿಳಿಯಲಿಲ್ಲ ಎಂದು ಹೇಳುವಂತೆಯೂ ಇಲ್ಲ. ಅದಕ್ಕೆಂದೇ ಗುಂಡಗೆ ಬರೆದಿದ್ದೇನೆ. ನಿನ್ನ ಮೇಲಿನ ದೂರನ್ನು ನಿನ್ನ ಬಾಯಿಂದಲೇ ಅವ್ವನಿಗೆ ಓದಿಸುವುದು ನನಗೂ ಇಷ್ಟವಿಲ್ಲ. ಆದರೆ ನೀನು ಅವ್ವನ ಪರವಾಗಿ ನನಗೆ ಕಾರ್ಡು ಬರೆಯಬಹುದಾದರೆ, ನಾನು ನಿನ್ನ ಮೂಲಕ ಅವಳಿಗೆ ಬರೆಯುವುದರಲ್ಲಿ ತಪ್ಪೇನು?

ಅವ್ವಾ, ವಿಷಯ ನಮ್ಮ ಹೊಸಮನೆಯ ಹಜಾರದ ದೊಡ್ಡ ಗೋಡೆಯದು. ಗೃಹಪ್ರವೇಶದ ದಿನ ನೀನು ಹಿತ್ತಿಲ ಬಾಗಿಲಿಂದ ಬಂದವಳು ಅಡುಗೆಮನೆ ಬಿಟ್ಟು ಈಚೆಗೆ ಕಾಲಿಡಲಿಲ್ಲ. ಎಲ್ಲರೂ ಊಟ ಮುಗಿಸಿ ಹೋದ ಮೇಲೆ ಹಜಾರಕ್ಕೆ ಬಂದೆ. ಬಾಗಿಲ ಎದುರಿನ ಆ ಗೋಡೆಗೆ ಅಂಗೈ ಇಟ್ಟು, ಎಮ್ಮೆಯ ಮೈ ಸವರುವಂತೆ ಸವರಿ, ‘ಇಲ್ಗೆ ಬಿಸ್ಲು ಚೆನ್ನಾಗ್ ಬೀಳ್ತದೆ ಕಣಪ್ಪ’ ಎಂದೆ. ಅಷ್ಟೇ ಅಂದದ್ದು. ಮೇಸ್ತ್ರಿಯಿಂದ ಹಿಡಿದು ಮಾವನವರೆಗೆ ಮನೆ ನೋಡಿದವರು ಕಿಟಕಿ ಎಣಿಸಿದರು, ಮೊಸಾಯಿಕ್ಕು ತುಳಿದು ನೋಡಿದರು. ಗೋಡೆಗೆ ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿದವಳು ನೀನೊಬ್ಬಳೇ. ಅವತ್ತೇ ನಾನೂ ಮಹಾಲಕ್ಷ್ಮಿಯೂ ಮಾತಾಡಿಕೊಂಡೆವು, ಆ ಗೋಡೆಗೆ ಡಿಸ್ಟೆಂಪರ್ ಬಳಿಸುವುದು ಬೇಡ, ಅವ್ವ ಬಂದು ಹಸೆಚಿತ್ರ ಬರೆಯಲಿ ಎಂದು.

ಗೋಡೆ ಖಾಲಿ ಬಿಟ್ಟರೆ ಸುಮ್ಮನಿರುವ ನೆಂಟರೇ ನಮ್ಮವರು? ಮಾತಾಡಿಕೊಂಡು ಬಂದವರಂತೆ ಎಲ್ಲರೂ ಪಟಗಳನ್ನೇ ಮುಯ್ಯಿ ಮಾಡಿದ್ದಾರೆ. ಗುಬ್ಬಿಯ ಮಾವನವರದು ಗೀತೋಪದೇಶ. ಆಫೀಸಿನ ಚನ್ನವೀರಯ್ಯನದು ಒಳಗೆ ಬಲ್ಬು ಉರಿಯುವ ತಾಜಮಹಲ್. ನಾದಿನಿಯದು ಪ್ಲಾಸ್ಟಿಕ್ ಮಣಿಯಲ್ಲಿ ಹೆಣೆದ ಗಿಳಿ, ಅದರಡಿ ‘ವೆಲ್‌ಕಮ್’; ಜಾಗ ಸಾಲದೆ ಕೊನೆಯ ಅಕ್ಷರ ಗಿಳಿಯ ಬಾಲದ ಮೇಲೆ ಹತ್ತಿ ಕೂತಿದೆ. ಒಂದೇ ಗೋಡೆ, ಒಂಬತ್ತು ಫೋಟೊ. ಯಾರಿಗೆ ಹಾಕಲಿ ನನ್ನ ಓಟು? ಕೊಟ್ಟು ಮರೆಯುವವರೂ ಅಲ್ಲ ಇವರು. ಮಾವ ಬಂದರೆ ಚಪ್ಪಲಿ ಬಿಡುವ ಮೊದಲೇ ಕತ್ತೆತ್ತಿ ಗೋಡೆ ನೋಡುತ್ತಾರೆ. ‘ಏನಳಿಯಂದ್ರೆ, ಕೃಷ್ಣಂಗೆ ಇನ್ನೂ ಜಾಗ ಸಿಕ್ಕಿಲ್ವಾ?’ ಎಂದು ಕೇಳುತ್ತಾರೆ. ಕೃಷ್ಣನಿಗೆ ದೇವರಮನೆಯಲ್ಲಿ ಜಾಗ ಕೊಟ್ಟಿದ್ದೇನೆ ಎಂದರೆ, ಅಲ್ಲಿ ಬಂದವರಿಗೆ ಕಾಣುವುದಿಲ್ಲವಂತೆ! ದೇವರಿಗೆ ಕಂಡರೆ ಸಾಲದು, ನೆಂಟರಿಗೆ ಕಾಣಬೇಕು.

ಗೋಡೆ ಬರೆಯಲು ನಿನ್ನನ್ನು ಕಳಿಸು ಎಂದು ನಾನು ಬರೆದದ್ದಕ್ಕೆ ಅಣ್ಣನ ಕಾರ್ಡು ಬಂತು. ‘ಅವ್ವ ಬರೆಯಲು ಒಲ್ಲೆ ಅಂದಳು. ಮೇಲಾಗಿ ಅದು ನಮ್ಮಲ್ಲಿ ಇಲ್ಲ. ಆ ಗೋಡೆಗೆ ಇದನ್ನು ಹಾಕು, ಯಾರೂ ಏನೂ ಅನ್ನುವುದಿಲ್ಲ’ ಎಂದು ಮೂರೇ ಸಾಲು. ಅದರ ಹಿಂದೆಯೇ ಅಮೃತೂರಿನ ಬಸ್ಸಿನಲ್ಲಿ, ಹಳೇ ಕಂಬಳಿ ಸುತ್ತಿಕೊಂಡು, ಬಾಗಿಲಿನಷ್ಟಗಲದ ಒಂದು ಸೀನರಿ ಬಂದಿಳಿಯಿತು. ಯಾವ ದೇಶದ್ದೋ ಬೆಟ್ಟ, ಬೆಟ್ಟದ ಮೇಲೆ ಹಿಮ, ಹಿಮದಿಂದ ಜಲಪಾತ, ಅದರ ಪಕ್ಕದಲ್ಲಿ ಒಂದು ಮನೆ, ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅಣ್ಣಾ, ಎತ್ತಿ ಎಸೆದೆನೆಂದು ತಿಳಿಯಬೇಡ. ಬಚ್ಚಲ ಹೊರಗೋಡೆಗೆ ಭದ್ರವಾಗಿ ಹಾಕಿದ್ದೇನೆ. ನಲ್ಲಿಯಲ್ಲಿ ಬರೋದು ಗಾಳಿ, ಪಟದ ತುಂಬಾ ನೀರು. ಕಣ್ಣಿಗೆ ಸ್ನಾನ ಆಯ್ತು, ಮೈಗೆ ಹೇಳೋರ್ಯಾರು? ನಮ್ಮ ಬೀದಿಗೆ ಇದಕ್ಕಿಂತ ಅರ್ಥವತ್ತಾದ ಪಟ ಇನ್ನೊಂದಿಲ್ಲ. ಆದರೆ ಹಜಾರದ ಗೋಡೆಗೆ ಅದು ಬೇಡ. ಬೆಳಗೆದ್ದು ಯಾರದೋ ಹಿಮದ ಮುಖ ನಾನೇಕೆ ನೋಡಲಿ?

ಅವ್ವಾ, ನಾನು ಚಿಕ್ಕವನಿದ್ದಾಗ ಸುತ್ತಲಿನ ಊರುಗಳಲ್ಲಿ ಮದುವೆ ಎಂದರೆ ಹಸೆ ಬರೆಯಲು ನಿನ್ನನ್ನು ಕರೆದೊಯ್ಯಲು ಗಾಡಿ ಬರುತ್ತಿತ್ತು. ನಿನ್ನ ಸೆರಗು ಹಿಡಿದು ನಾನೂ ಹತ್ತುತ್ತಿದ್ದೆ. ನೀನು ಗೋಡೆಗೆ ಕೆಮ್ಮಣ್ಣು ಬಳಿದು, ಅದು ಆರಿದ ಮೇಲೆ ಕಡ್ಡಿಗೆ ಹತ್ತಿ ಸುತ್ತಿ ಸುಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಆ ತುದಿಯಿಂದ ಈ ತುದಿಗೆ ಒಂದು ಗೆರೆ ಎಳೆಯುತ್ತಿದ್ದೆ. ಆನೆ ಬರೀ, ಗಿಳಿ ಬರೀ ಎಂದು ನಾನು ಪೀಡಿಸಿದರೆ ‘ಮೊದ್ಲು ನೆಲ ಬರೀಬೇಕು ಕಣ್ಲಾ, ಆಮ್ಯಾಕೆ ಜನ. ನೆಲ ಇಲ್ದೆ ಎಲ್ಲಿ ನಿಂತ್ಕತಾರೆ?’ ಎನ್ನುತ್ತಿದ್ದೆ. ಬಿ.ಎ.ಯಲ್ಲಿ ಕಾವ್ಯಮೀಮಾಂಸೆ ಎಂದು ದಪ್ಪ ಪುಸ್ತಕ ಓದಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಅದರಲ್ಲಿ ನೆನಪುಳಿದದ್ದು ಕಡಿಮೆ, ಇದು ಮಾತ್ರ ಹೋಗಿಲ್ಲ. ಅಪ್ಪ ಹೋದ ಮೇಲೆ ಗಾಡಿ ಬರುವುದು ನಿಂತಿತು. ನಿನ್ನ ಕೈ ನಡುಗುತ್ತಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ, ಗಂಡ ಇರಲಿಲ್ಲ, ಅಷ್ಟೇ. ಅವತ್ತಿನಿಂದ ನಿನ್ನ ಕೈ ಗೋಡೆಗೆ ಆಗದು ಎಂದರು. ಅದೇ ಕೈ ಮದುವೆಮನೆಯ ಹಿಂದೆ ಕೂತು ಪಲ್ಲಾಗಟ್ಟಲೆ ಅಕ್ಕಿ ಆರಿಸಿದರೆ ಆಗುತ್ತದೆ. ಆ ಕೈಯ ಮುದ್ದೆ ಬೇಕು, ಆ ಕೈಯ ಗೆರೆ ಮಾತ್ರ ಬೇಡವೆ? ಇದು ಯಾವ ಊರಿನ ಲೆಕ್ಕ?

ಅಣ್ಣನ ಮಗಳ ಮದುವೆಯಲ್ಲಿ ನಡೆದದ್ದನ್ನು ಮಹಾಲಕ್ಷ್ಮಿ ಹೋದ ತಿಂಗಳು ನನಗೆ ಹೇಳಿದಳು. ಅಣ್ಣಾ, ಇಲ್ಲಿ ನಿಲ್ಲಿಸಬೇಡ, ಓದು. ಹಸೆ ಬರೆಯಲು ಅವ್ವ ಬೇಡವೆಂದು ಕುಣಿಗಲ್ಲಿನಿಂದ ಬೋರ್ಡು ಬರೆಯುವವನನ್ನು ಕರೆಸಿದ್ದೆಯಲ್ಲ, ಅವನು ಆಯಿಲ್ ಪೇಂಟಿನಲ್ಲಿ ಎರಡು ಆನೆ ಬರೆದ, ಹದ್ದಿನಂಥ ಎರಡು ಗಿಳಿ ಬರೆದ, ಹುಡುಗಿಯ ಹೆಸರಿಗಿಂತ ದಪ್ಪಗೆ ತನ್ನ ಹೆಸರು ಬರೆದ. ಮದುಮಗಳನ್ನು ಕೂರಿಸಿದ ದಂಡಿಗೆ ಹೊರುವವರನ್ನೂ ಬರೆದ, ಅವರ ಕಾಲಡಿಗೆ ನೆಲ ಬರೆಯುವುದನ್ನು ಮರೆತ. ನಾನು ಬಸ್‌ಸ್ಟ್ಯಾಂಡಿನಲ್ಲಿ ನೆಂಟರನ್ನು ಇಳಿಸಿಕೊಳ್ಳುತ್ತಿದ್ದೆ. ಜನ ಊಟಕ್ಕೆ ಕೂತ ಹೊತ್ತಿನಲ್ಲಿ ಅವ್ವ ಈಚೆ ಬಂದು ಆ ಗೋಡೆ ನೋಡಿದಳಂತೆ. ಎಲೆಅಡಿಕೆ ತಟ್ಟೆಯ ಸುಣ್ಣದಲ್ಲಿ ಬೆರಳದ್ದಿ, ಗಾಳಿಯಲ್ಲಿ ತೇಲುತ್ತಿದ್ದ ಆ ದಂಡಿಗೆಯವರ ಕಾಲಡಿಗೆ ಒಂದು ಸಾಲು ಚುಕ್ಕೆ ಇಟ್ಟಳಂತೆ. ನೀನು ಬಂದವನು ‘ಏನವ್ವಾ ಮಾಡ್ತಿದ್ದೀಯೆ? ಮಗಿನ್ ಮದ್ವೆ ಕಣವ್ವಾ!’ ಎಂದು ಹೆಗಲ ಟವಲಿನಿಂದ ಆ ಚುಕ್ಕೆಗಳನ್ನು ಒರೆಸಿಹಾಕಿದೆಯಂತೆ. ಅವ್ವ ಸೆರಗಿಗೆ ಬೆರಳು ಒರೆಸಿಕೊಂಡು ಒಳಗೆ ಹೋದಳಂತೆ.

ನೀನು ಕೆಟ್ಟವನೆಂದು ನಾನು ಬರೆಯುತ್ತಿಲ್ಲ. ಅವ್ವನಿಗೆ ಜ್ವರ ಬಂದಾಗ ಬಸ್ಸಿಲ್ಲದೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಕುಣಿಗಲ್ಲಿಗೆ ತಳ್ಳಿಕೊಂಡು ಹೋದವನು ನೀನು, ನಾನಲ್ಲ. ನೀನು ಹೆದರಿದೆ. ಮಗಳ ಸಂಸಾರದಲ್ಲಿ ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಊರು ಆ ಚುಕ್ಕೆಗಳನ್ನು ತೋರಿಸುತ್ತದೆ ಎಂದು ಹೆದರಿದೆ. ಒಪ್ಪಿದೆ. ಆದರೆ ಚುಕ್ಕೆ ಒರೆಸಿದ ಮೇಲೂ ನಿನ್ನ ಅಳಿಯನಿಗೆ ಲಾರಿ ಗುದ್ದಿ ಕಾಲು ಮುರಿಯಿತಲ್ಲ, ಅದನ್ನು ಯಾರ ಲೆಕ್ಕಕ್ಕೆ ಬರೆಯೋಣ? ಬೋರ್ಡು ಬರೆದವನ ಲೆಕ್ಕಕ್ಕೋ? ಅವನಿಗೆ ಹೆಂಡತಿ ಇದ್ದಾಳೆ, ಅವನ ಕೈ ಶುದ್ಧ! ಇನ್ನೊಂದು ಕೇಳು. ನನಗೆ ನಲವತ್ತೈದು ದಾಟಿತು. ನಾಳೆ ನಾನು ಗೊಟಕ್ ಎಂದರೆ ಮಹಾಲಕ್ಷ್ಮಿಯ ಕೈಯೂ ಮರುದಿನದಿಂದ ಗೋಡೆಗೆ ಆಗದು. ಅತ್ತಿಗೆಗೂ ಅದೇ, ನಿನ್ನ ಮಗಳಿಗೂ ಅದೇ. ನಮ್ಮ ಮನೆಯ ಹೆಂಗಸರ ಕೈಯ ಬೆಲೆ ನಮ್ಮ ಉಸಿರಿಗೆ ಕಟ್ಟಿದ ಬಾಲವೇ? ನಾನು ಸಾಯುವ ಮೊದಲು ಈ ಕಟ್ಟಳೆ ಸಾಯಲಿ. ಊರಿನಲ್ಲಿ ಸಾಯದಿದ್ದರೆ ನಮ್ಮ ಹಜಾರದಲ್ಲಾದರೂ ಸಾಯಲಿ.

ಅವ್ವಾ, ನೀನು ಒಲ್ಲೆ ಅಂದೆಯಂತೆ. ಅಂದಿರಬಹುದು. ಆದರೆ ಆ ‘ಒಲ್ಲೆ’ ಅಣ್ಣನ ಅಕ್ಷರದಲ್ಲಿದೆ, ನಿನ್ನ ದನಿ ಅದರಲ್ಲಿ ನನಗೆ ಕೇಳಲಿಲ್ಲ. ನಿನಗೇ ಬೇಡವಾಗಿದ್ದರೆ ಗೋಡೆಗೆ ಅಂಗೈ ಇಟ್ಟು ಬಿಸಿಲಿನ ಮಾತು ಯಾಕೆ ಆಡಿದೆ? ಮಹಾಲಕ್ಷ್ಮಿಯನ್ನು ಕೇಳಿದರೆ ‘ನೀವ್ ಬುಡಿ, ಅಣ್ಣತಮ್ಮ ಕಾಗ್ದ ಬರ್ಕಂಡು ಕೂತಿರಿ. ಅತ್ತೆ ಬರಿಯೋ ತನಕ ಆ ಗೋಡೆಗೆ ನಾನು ಒಂದು ಕ್ಯಾಲೆಂಡರ್ರೂ ಹಾಕಾಕ್ ಬುಡಲ್ಲ’ ಎಂದು ಮೊಳೆಯ ಡಬ್ಬಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ನಿನ್ನೆ ಶನಿವಾರ ನಾವು ಮೂವರೂ ಸೇರಿ ಗೋಡೆಗೆ ಕೆಮ್ಮಣ್ಣು ಬಳಿದೆವು. ನಾನು ಏಣಿಯ ಮೇಲೆ, ಮಹಾಲಕ್ಷ್ಮಿ ಕೆಳಗೆ, ಶಾರದ ಇಬ್ಬರ ಮೇಲೂ ಚೆಲ್ಲುತ್ತಾ. ಎದುರು ಮನೆಯವರು ಬಾಗಿಲಿಂದ ಇಣುಕಿ ‘ಯಾವ್ ಪಾರ್ಟಿ ಸಾರ್?’ ಎಂದು ಕೇಳಿದರು. ‘ನಮ್ಮವ್ವನ ಪಾರ್ಟಿ’ ಎಂದೆ. ಇನ್ನು ಆ ಗೋಡೆಗೆ ತಾಜಮಹಲ್ಲೂ ಕೂರುವುದಿಲ್ಲ, ಗಿಳಿಯೂ ಕೂರುವುದಿಲ್ಲ. ಸುಣ್ಣ ನೆನೆಹಾಕಿದ್ದೇನೆ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಆನೆಯೋ, ಅಂಬಾರಿಯೋ, ನಿನಗೆ ತೋಚಿದ್ದು ಬರೆ. ನೆಂಟರು ಬಂದು ಕತ್ತೆತ್ತಿದಾಗ ಅವರಿಗೆ ನಿನ್ನ ಕೈ ಕಾಣಬೇಕು, ನನಗೆ ಬೇಕಾದದ್ದು ಅಷ್ಟೇ.

ಅತ್ತಿಗೆಗೆ ನಮಸ್ಕಾರ. ಎಮ್ಮೆಗೆ, ಹೊಸ ಕರುವಿಗೆ ನನ್ನ ಹೆಸರು ಹೇಳಿ ಒಂದು ಹಿಡಿ ಹುಲ್ಲು ಹೆಚ್ಚಿಗೆ ಹಾಕು. ಅಣ್ಣಾ, ಇಷ್ಟನ್ನೂ ಓದಿದ್ದರೆ ನಿನ್ನ ಗಂಟಲು ಒಣಗಿರುತ್ತದೆ. ಒಂದು ಎಳನೀರು ಕುಡಿ. ಸಿಟ್ಟು ಬಂದಿದ್ದರೆ ನನ್ನ ಮೇಲೆ ಇಟ್ಟುಕೋ, ಅವ್ವನ ಮೇಲೆ ಬೇಡ.

ನಿನ್ನ ಹರಕೆಯೊಂದನ್ನು ಬಿಟ್ಟು ಬೇರೇನೂ ಕೇಳದ, ಆದರೂ ಮಾತು ಕೇಳದ ಮಗ,
ಹೊನ್ನಯ್ಯ

ಕಡೆಯ ಮಾತು: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಧೈರ್ಯ ಸಾಲದೆ ಕೊನೆಗೆ ತಳ್ಳಿದ್ದು. ಗುಬ್ಬಿಯ ಚಿಕ್ಕಮಾರಯ್ಯನವರ ಮಗನಿಗೂ ಶಾರದಳಿಗೂ ಯುಗಾದಿ ಕಳೆದ ಮೇಲೆ ನಿಶ್ಚಿತಾರ್ಥ ಎಂದು ಮಾತಾಗಿತ್ತಲ್ಲ, ಚಿಕ್ಕಮಾರಯ್ಯನವರು ಶುಕ್ರವಾರ ಮನೆಗೆ ಬಂದಿದ್ದರು. ಗೋಡೆ ಯಾಕೆ ಹೀಗೆ ಬಿಟ್ಟಿದ್ದೀರಿ ಎಂದರು. ಹುಡುಗಿಯ ಅಜ್ಜಿ ಬಂದು ಬರೆಯುತ್ತಾಳೆ, ಅದರ ಮುಂದೆಯೇ ತಟ್ಟೆ ಬದಲಾಯಿಸೋಣ ಎಂದೆ. ‘ಅವ್ರ ಯಜಮಾನ್ರು?’ ಎಂದರು. ಇಲ್ಲ ಎಂದೆ. ಕಾಫಿ ಲೋಟ ಕೆಳಗಿಟ್ಟು ‘ಅದೊಂದ್ ಬುಟ್ಟು ಬ್ಯಾರೆ ಏನಾದ್ರೂ ಮಾಡಿ ಹೊನ್ನಯ್ನೋರೆ. ಇಲ್ದಿದ್ರೆ ನಾವು ಯೋಚ್ನೆ ಮಾಡ್ಬೇಕಾಯ್ತದೆ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಶಾರದ ಬಾಗಿಲಿಗೆ ಬಂದು ‘ನಮ್ಮಜ್ಜಿ ಕೈ ಆಗಲ್ಲ ಅಂದ್ರೆ, ಆ ಕೈಲಿ ತುತ್ತು ತಿಂದ್ ಬೆಳೆದಿರೋ ನಾನು ನಿಮ್ ಮನೆಗೆ ಹೆಂಗಾಯ್ತೀನಿ ಮಾವ?’ ಎಂದಳು. ಅವರು ಎದ್ದು ಹೋದರು. ಮರುದಿನ ಬೆಳಿಗ್ಗೆ ಕೆಮ್ಮಣ್ಣು ಕಲಸಿದವಳು ಅವಳೇ. ಗುಬ್ಬಿಯಿಂದ ಇನ್ನೂ ಮಾತು ಬಂದಿಲ್ಲ, ಬಾರದೆಯೂ ಇರಬಹುದು. ನನ್ನಿಂದ ಮಗೀನ ಸಂಬಂಧ ಮುರಿಯಿತು ಎಂದು ನೀನು ಮೂಲೆ ಸೇರಬೇಡ. ಮುರಿದರೆ ಅವಳೇ ಮುರಿದದ್ದು, ತಲೆ ಎತ್ತಿಕೊಂಡು ಮುರಿದದ್ದು. ಗುರುವಾರ ಮೊದಲ ಬಸ್ಸಿಗೆ ಅವಳು ಒಬ್ಬಳೇ ಅಮೃತೂರಿಗೆ ಬರುತ್ತಾಳೆ, ನಿನ್ನನ್ನು ಕರೆತರಲು. ಒಲ್ಲೆ ಎನ್ನುವುದಾದರೆ ಅವಳ ಮುಖ ನೋಡಿ ಅನ್ನು.