ಬುಡದಿಂದಲ್ಲ, ತುದಿಯಿಂದ

ಮಾರ್ಚ್ ೧೨, ಗುರುವಾರ

ಹಲ್ಲು ಮುರಿದ ಬಾಚಣಿಗೆ ಇನ್ನೂ ಜೇಬಿನಲ್ಲೇ ಇದೆ. ಬೀದಿಯ ಹಳಬರೆಲ್ಲ ಒಬ್ಬೊಬ್ಬರಾಗಿ ಖಾಲಿ ಮಾಡಿದ ಮನೆಗಳಿಗೆ ದೂರದೇಶದವರು ಬಂದು ವರ್ಷವಾಯಿತು. ನನ್ನ ಕ್ಷೌರದಂಗಡಿಗೆ ಮಾತ್ರ ಅವರಲ್ಲಿ ಒಬ್ಬರೂ ಕಾಲಿಟ್ಟಿರಲಿಲ್ಲ. ಯಾಕೆಂದು ತಿಳಿಯದೆ, ಊರವರ ತಲೆ ನೋಡುವ ನಾನೇ ತಲೆ ಕೆರೆದುಕೊಳ್ಳುತ್ತಿದ್ದೆ.

ಇವತ್ತು ಅವರಲ್ಲೇ ಒಬ್ಬ, ಎದುರುಮನೆಯ ಬಸ್ ಡ್ರೈವರ್, ಬಂದು ಕೂತ. ಆ ಬಿಗಿ ಗುಂಗುರಿಗೆ ಕೈಹಾಕಿದ್ದೇ ತಡ, ಬಾಚಣಿಗೆ ಮುರಿಯಿತು.

"ನಮ್ ಕೂದ್ಲು ಬಾಚೋಕೆ ಇಲ್ಲಿ ಯಾರಿಗೂ ಬರಲ್ಲ ಅಣ್ಣ, ಅಮ್ಮನೇ ಕತ್ತರ್ಸೋದು."

"ಹಂಗಾದ್ರೆ ಅಮ್ಮನ್ನೇ ಕರ್ಕೊಂಡ್ ಬಾರಪ್ಪ."

ಬಂದರು. ತಮ್ಮ ಭಾಷೆಯಲ್ಲೇ ಗೊಣಗುತ್ತ, ತುದಿಯಿಂದ ಬಾಚಿ ತೋರಿಸಿದರು. ನಾನು ಮರೆತು ಮತ್ತೆ ಬುಡಕ್ಕೇ ಬಾಚಣಿಗೆ ಇಟ್ಟೆ. ಮಣಿಕಟ್ಟಿಗೆ ಫಟ್ಟನೆ ಒಂದು ಕೊಟ್ಟರು.

ಈ ಬೀದಿಯಲ್ಲಿ ಇನ್ನೂ ಎಷ್ಟು ಬಗೆಯ ಕೂದಲಿದೆಯೋ!

ಕತ್ತರಿ ಹಿಡಿಯಲು ಕಲಿಸಿದ ಅಪ್ಪ ಹೋದ ಮೇಲೆ, ಈ ಕೈಗೆ ಬಿದ್ದ ಮೊದಲ ಏಟು.