ಉಪವಾಸಕ್ಕೆ ಮುಂಚೆ ತಲುಪಬೇಕಾದ ಕಾಗದ

ಯೆರೂಸಲೇಮ್
ತಿಶ್ರಿ ತಿಂಗಳ ಒಂಬತ್ತು, ಬೆಳಿಗ್ಗೆ

ಪ್ರೀತಿಯ ಅನ್ಶೆಲ್,

ಹೇಗಿದ್ದೀ ಕಂದ? ಕೆಮ್ಮು ಬಿಟ್ಟಿತೇ? ಬ್ರೈನಾ, ಮಗು ಆರಾಮವೇ? ಸೊಸೆಯ ಮುಖವನ್ನು ಫೋಟೋದಲ್ಲೇ ನೋಡುವ ಅತ್ತೆ ನಾನೊಬ್ಬಳೇ ಇರಬೇಕು. ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ, ಇವತ್ತು ಸುಳ್ಳು ಬರೆಯುವ ದಿನವಲ್ಲ.

ನಿನ್ನಪ್ಪನ ಮೂತ್ರಪಿಂಡ ಕೆಟ್ಟಿದೆ. ಕ್ಷಮೆ ಬೇಡುವ ಯೋಮ್ ಕಿಪ್ಪೂರ್ ಹಬ್ಬದ ಉಪವಾಸ ಅಂತ ನಾಳೆಯೆಲ್ಲ ನೀರು ಬಿಟ್ಟರೆ ಜೀವಕ್ಕೇ ಅಪಾಯ ಎಂದಿದ್ದಾರೆ ಡಾಕ್ಟರು. ರಬ್ಬಿಗಳೇ ಮನೆಗೆ ಬಂದು, ಹತ್ತು ನಿಮಿಷಕ್ಕೊಂದು ಗುಟುಕು ಕುಡಿ, ನಿನ್ನ ಪಾಲಿಗೆ ಅದೇ ಧರ್ಮ ಎಂದು ಪುಟ್ಟ ಲೋಟಕ್ಕೆ ಅಳತೆಯ ಗೆರೆ ಎಳೆದುಕೊಟ್ಟು ಹೋದರು. ಇವರು ಜಪ್ಪಯ್ಯ ಅಂದರೂ ಕೇಳುತ್ತಿಲ್ಲ. ಲೋಟವನ್ನು ಕಪಾಟಿನ ಮೇಲಕ್ಕೆ ತಳ್ಳಿ ಅಂದರು, "ದೇವ್ರಿಗೆ ಮಾಡಿದ ತಪ್ಪನ್ನ ದೇವ್ರು ಮನ್ನಿಸ್ತಾನೆ. ಮಗನಿಗೆ ಮಾಡಿದ್ದನ್ನ ಮಗನೇ ಮನ್ನಿಸ್ಬೇಕು. ಎರಡು ಸಲ ಬರ್ದು ಕೇಳ್ದೆ, ಅವ್ನು ಉತ್ತರಾನೇ ಕೊಡ್ಲಿಲ್ಲ. ಇನ್ನು ನೀರು ಕುಡ್ದು ಯಾಕೆ ಬದುಕ್ಲಿ, ಫ್ರೂಮೆ?" ಬ್ರೈನಾಳನ್ನು ಒಪ್ಪದೆ, ನಿನ್ನ ಮದುವೆಯ ದಿನ 'ನನಗೆ ಮಗನೇ ಇಲ್ಲ' ಅಂದವರು ಇವರೇ. ಆ ಮಾತು ಇವರನ್ನು ಒಳಗೇ ತಿನ್ನುತ್ತಿದೆ.

ಇವರ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕಿದೆ. ವರ್ಷ ವರ್ಷ ಈ ಹಬ್ಬಕ್ಕೆ ತೊಡುವುದೂ ಅದೇ, ಕೊನೆಗೆ ಮಣ್ಣಿಗೆ ಹೋಗುವಾಗ ತೊಡಿಸುವುದೂ ಅದೇ. "ಚೆನ್ನಾಗಿ ಹಾಕು, ನಾಳೆ ಸಾಯಂಕಾಲ ಬಿಚ್ಚಿ ಮಡಿಚೋ ಕೆಲ್ಸ ನಿಂಗಿರಲ್ಲ" ಅಂತ ತಮಾಷೆ ಮಾಡಿದರು. ನಕ್ಕುಬಿಟ್ಟೆ. ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡೆ. ಉಪವಾಸಕ್ಕೆ ಮುಂಚಿನ ಸಂಜೆಯ ಊಟಕ್ಕೆ ಮಾಂಸದ ಕಡುಬು ಬೇಯುತ್ತಿದೆ, ಸಾರಿಗೆ ಉಪ್ಪು ಎರಡು ಸಲ ಹಾಕಿದೆನೋ ಏನೋ. ಉಪ್ಪು ಹೆಚ್ಚಾದರೆ ನಾಳೆ ಬಾಯಾರಿಕೆಯೂ ಹೆಚ್ಚು. ನನಗೆ ಭಯವಾಗುತ್ತಿದೆ ಮಗನೇ.

ದಿನಸಿ ಅಂಗಡಿಯ ಗಿಟ್ಲಳ ಅಳಿಯ ಹತ್ತು ಗಂಟೆಗೆ ನಿಮ್ಮ ಹೈಫಾಕ್ಕೆ ಹೊರಡುತ್ತಾನೆ, ಇದನ್ನು ನಿನ್ನ ಕೈಗೇ ಕೊಡುತ್ತಾನೆ. ನಾಲ್ಕು ಗಂಟೆಯೊಳಗೆ ಗಿಟ್ಲಳ ಅಂಗಡಿಗೆ ಫೋನ್ ಮಾಡು, ಅಪ್ಪನನ್ನು ನಾನು ಹೇಗಾದರೂ ಕರೆತರುತ್ತೇನೆ. ಹೊತ್ತು ಮುಳುಗಿ ಹಬ್ಬ ಶುರುವಾದರೆ ಫೋನ್ ಮುಟ್ಟುವಂತಿಲ್ಲ. ನಾಳೆ ದೇವರು ಮುಚ್ಚುವ ಬದುಕುವವರ ಪುಸ್ತಕದಲ್ಲಿ ನಿಮ್ಮ ಮೂವರ ಹೆಸರಿಗೂ ಮೊಹರು ಬೀಳಲಿ.

ನಿನ್ನ ಅಮ್ಮ,
ಫ್ರೂಮೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಅಪ್ಪನ ಎರಡು ಕಾಗದವನ್ನೂ ನಾನು ಅಂಚೆಗೆ ಹಾಕಿಯೇ ಇಲ್ಲ. ಮೊದಲನೆಯದರಲ್ಲಿ ಬ್ರೈನಾಳನ್ನು 'ಆ ಹುಡುಗಿ' ಅಂತ ಬರೆದಿದ್ದರು. ನಿನಗೆ ಇನ್ನಷ್ಟು ನೋವಾಗುತ್ತದೆಂದು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಎರಡನೆಯದರಲ್ಲಿ ಅವಳನ್ನು ಹೆಸರು ಹಿಡಿದು ಕರೆದಿದ್ದಾರೆ. ಅದನ್ನು ಕಳಿಸಿದರೆ ಮೊದಲಿನದರ ಗುಟ್ಟು ಬಯಲಾಗುತ್ತದೆಂದು ಅದನ್ನೂ ಇಟ್ಟುಕೊಂಡೆ. ಇವರೆದುರು ಬಾಯಿ ಬಿಡಲು ಮೂರು ದಿನದಿಂದ ನೋಡುತ್ತಿದ್ದೇನೆ, ಆಗುತ್ತಿಲ್ಲ. ಎರಡೂ ಇದರ ಜೊತೆಗಿವೆ. ಮೊದಲು ಅವರನ್ನು ಕ್ಷಮಿಸು. ನಾನು ಬರುವ ವರ್ಷದವರೆಗೂ ಕಾಯಬಲ್ಲೆ.