ಅಣ್ಣನ ಮುನಿಸು

ಶನಿವಾರ, ಹದಿನಾಲ್ಕು. ರಾತ್ರಿ.

ಬೆಳಗ್ಗೆ ಅಣ್ಣ ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ: "ಬಾರಿನ ಬೋರ್ಡ್ ಮೇಲೆ ನಿನ್ನ ಹೆಸರು ಬಂದ್ರೆ ನಮ್ಮ ಮಾನ ಹೋಗುತ್ತೆ ಕಣೇ."

ಹತ್ತೊಂಬತ್ತು ವರ್ಷ ಕಾಕ್‌ಟೇಲ್ ಬೆರೆಸಿದ ಕೈಗೆ ಇಂದೇ ಮೊದಲ ಗೌರವ. ನಮ್ಮ ಬಾರಿನಲ್ಲಿ ಎರಡು ದಿನದ ಸಹಾಯಾರ್ಥ ಕಾರ್ಯಕ್ರಮ: ಬಾರ್‌ಟೆಂಡರ್ ಹೆಂಗಸರು ಒಬ್ಬೊಬ್ಬರೂ ಒಂದೊಂದು ಹೊಸ ಪಾನೀಯ ಮಾಡಿ, ಬೋರ್ಡಿನಲ್ಲಿ ಅದರ ಜೊತೆ ತಮ್ಮ ಹೆಸರೂ ಬರೆಯಬೇಕು. ಬಂದ ಹಣವೆಲ್ಲ ಮನೆ ಬಿಟ್ಟು ಬಂದ ಹೆಂಗಸರ ಆಶ್ರಯಧಾಮಕ್ಕೆ.

ಅಣ್ಣನ ಮಾತು ಮೀರಲಿಲ್ಲ. ಬೋರ್ಡಿನಲ್ಲಿ ನನ್ನ ಹೆಸರು ಬಿಟ್ಟು ಪಾನೀಯದ್ದಷ್ಟೇ ಬರೆದೆ: 'ಅಣ್ಣನ ಮುನಿಸು'. ಒಳಗೆ ಹುಳಿ, ನಡುವೆ ಖಾರ, ಗ್ಲಾಸಿನ ಅಂಚಿಗೆ ಉಪ್ಪಿನ ಹಾರ. ಎಲ್ಲಕ್ಕಿಂತ ಮೊದಲು ಖಾಲಿಯಾಯಿತು.

ಅತ್ತಿಗೆ ಕದ್ದುಮುಚ್ಚಿ ಬಂದು ಎರಡು ಕುಡಿದಳು. "ಮನೇಲಿ ದಿನಾ ಇದೇ, ಆದ್ರೆ ಇಷ್ಟು ರುಚಿ ಇರಲ್ಲ."

ನಾಳೆಯೂ ಕಾರ್ಯಕ್ರಮವಿದೆ. ಪಾನೀಯದ ಕೆಳಗೆ ನನ್ನ ಹೆಸರನ್ನು, ಅಪ್ಪನ ಹೆಸರಿನ ಸಮೇತ, ರಸ್ತೆಗೆ ಕಾಣುವಷ್ಟು ದಪ್ಪಗೆ ಬರೆಯುತ್ತೇನೆ. ಮಾನ ಹೋದರೆ ಹೋಗಲಿ, ವಾಪಸ್ ಬರುವಾಗ ಅಣ್ಣನನ್ನೂ ಕರೆತರಲಿ. ಅವನಿಗೊಂದು ಗ್ಲಾಸು ಎತ್ತಿಟ್ಟು, ಉಪ್ಪು ಸ್ವಲ್ಪ ಜಾಸ್ತಿಯೇ ಹಚ್ಚುತ್ತೇನೆ.